ಎಲ್ಲರಿಗೂ ಕಾಯುವ ಬಸ್ಸು

ಬಸ್ಸು ಸುದ್ದಿಯಾಗಬೇಕಾದರೆ ಮಗುಚಬೇಕು, ಇಲ್ಲವೇ ಕನಿಷ್ಠ ಡಿವೈಡರ್ ಹತ್ತಬೇಕು. ತಡವಾಗಿ ಬಂದ ಬಸ್ಸಿನ ಬಗ್ಗೆ ನಾನು ಇಷ್ಟು ವರ್ಷಗಳ ಕೆಲಸದಲ್ಲಿ ಒಂದು ಸಾಲೂ ಬರೆದಿಲ್ಲ. ಬೇರೆಯವರು ಬರೆದು ಕಳುಹಿಸಿದ್ದನ್ನು ಪುಟಕ್ಕೆ ಹಾಕಿದ್ದೂ ನೆನಪಿಲ್ಲ. ನಾನೇ ದಿನಾ ಬೆಳಿಗ್ಗೆ ಬೈಂದೂರಿನಲ್ಲಿ ಬಸ್ಸು ಹತ್ತಿ ಉಡುಪಿಗೆ ಹೋಗುವವ. ಪತ್ರಿಕೆಯ ಜಾಲತಾಣ ವಿಭಾಗದಲ್ಲಿ ಬೆಳಗಿನ ಪಾಳಿ. ಅಪಘಾತದ ಸುದ್ದಿಯನ್ನು ಬಸ್ಸಿನಲ್ಲೇ ನಿಂತುಕೊಂಡು ಫೋನಿನಲ್ಲಿ ತಿದ್ದಿದ್ದೇನೆ. ನಾನು ನಿಂತ ಬಸ್ಸು ಯಾಕೆ ತಡವಾಗುತ್ತಿದೆ ಎನ್ನುವುದು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮದು ಶಿರೂರಿನಿಂದ ಹೊರಡುವ ಖಾಸಗಿ ಸರ್ವಿಸ್ ಬಸ್ಸು. ಎಕ್ಸ್‌ಪ್ರೆಸ್ಸಿನಂತೆ ಫ್ಲೈಓವರ್ ಹತ್ತಿ ಊರುಗಳನ್ನು ದಾಟಿ ಹೋಗುವುದಿಲ್ಲ. ಸರ್ವಿಸ್ ರಸ್ತೆಗೆ ಇಳಿಯುತ್ತದೆ, ಕೈ ಅಡ್ಡ ಹಿಡಿದಲ್ಲಿ ನಿಲ್ಲುತ್ತದೆ. ಹೆದ್ದಾರಿ ಅಗಲವಾದ ಮೇಲೆ ನಿಲ್ದಾಣಗಳ ಸ್ಥಿತಿ ವಿಚಿತ್ರವಾಗಿದೆ. ತಂಗುದಾಣ ಒಂದು ಕಡೆ, ಬಸ್ಸು ನಿಲ್ಲುವುದು ಇನ್ನೊಂದು ಕಡೆ, ಜನ ನಿಲ್ಲುವುದು ಇವೆರಡರ ನಡುವೆ ನೆರಳು ಇದ್ದಲ್ಲಿ. ರಸ್ತೆಯ ಆಚೆ ಮನೆ ಇರುವವರು ಡಿವೈಡರಿನ ಸಂದಿಯಲ್ಲಿ ನಿಂತು, ಲಾರಿಗಳ ಸಾಲಿನಲ್ಲಿ ಒಂದಿಷ್ಟು ತೆರಪು ಸಿಗುವುದನ್ನೇ ಕಾದು ಓಡಿ ಬರಬೇಕು. ಮಳೆಗಾಲದಲ್ಲಿ ಕಿಟಕಿಯ ಶಟರ್ ಇಳಿಸಿದರೆ ಉಸಿರು ಕಟ್ಟುತ್ತದೆ, ಏರಿಸಿದರೆ ಪಕ್ಕದವರು ಬಯ್ಯುತ್ತಾರೆ. ಮರವಂತೆಯಲ್ಲಿ ಕಡಲಿನ ಕಡೆಯ ಸೀಟಿಗೆ ಯಾರೂ ಜಗಳ ಆಡುವುದಿಲ್ಲ. ಊರು ನೋಡಲು ಬಂದವರಿಗೆ ಅದನ್ನು ಸಂತೋಷದಿಂದ ಬಿಟ್ಟುಕೊಡುತ್ತೇವೆ. ಅವರು ಫೋಟೊ ತೆಗೆಯುತ್ತಾ ಒದ್ದೆಯಾಗುತ್ತಾರೆ.

ಇವು ಈ ದಾರಿಯ ಎಲ್ಲ ಬಸ್ಸುಗಳಲ್ಲೂ ಇರುವ ಕಷ್ಟಗಳು. ನಮ್ಮ ಬಸ್ಸಿಗೆ ಬೇರೆಯದೇ ಒಂದು ಇತ್ತು. ಅದು ಎಲ್ಲರಿಗೂ ಕಾಯುತ್ತಿತ್ತು.

ಡ್ರೈವರ್ ಐವತ್ತು ದಾಟಿದ ಮನುಷ್ಯ. ಕಂಡಕ್ಟರ್ ಅವನಿಗಿಂತ ಸ್ವಲ್ಪ ಚಿಕ್ಕವ. ಇಬ್ಬರೂ ಈ ದಾರಿಯಲ್ಲೇ ತಲೆ ನರೆಸಿಕೊಂಡವರು. ಯಾವ ಅಡ್ಡರಸ್ತೆಯಿಂದ ಯಾರು ಬರಬೇಕು ಎಂದು ಅವರಿಗೆ ಗೊತ್ತು. ಬರಬೇಕಾದವರು ಕಾಣದಿದ್ದರೆ ಬಸ್ಸು ಹೊರಡುವುದಿಲ್ಲ. ಕಂಡಕ್ಟರ್ ಮರೆತು ಸೀಟಿ ಊದಿದರೆ ಒಳಗಿದ್ದವರೇ ತಡೆಯುತ್ತಾರೆ. "ಹ್ವಾಯ್, ನಿಲ್ಸಿ, ಬ್ಯಾಂಕಿನ ಅಕ್ಕ ಬರ್ಲಿಲ್ಲ." ಬ್ಯಾಂಕಿನ ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಾರೆ. ಒಳಗಿದ್ದ ಯಾರೋ ಚೀಲ ತೆಗೆದುಕೊಂಡು, ಇನ್ಯಾರೋ ಕೈ ಹಿಡಿದು ಎಳೆದುಕೊಳ್ಳುತ್ತಾರೆ. ಎಲ್ಲರಿಗೂ ಒಳ್ಳೆಯ ಕೆಲಸ ಮಾಡಿದ ತೃಪ್ತಿ. ಮುಂದಿನ ಊರಿನಲ್ಲಿ ಇನ್ನೊಬ್ಬರು. ಮೊದಮೊದಲು ನನಗೂ ಇದು ಚಂದ ಕಂಡಿತ್ತು. ನನಗೂ ಕಾದಿದ್ದಾರೆ.

ಆದರೆ ಕಾದ ಹೊತ್ತನ್ನು ಎಲ್ಲೋ ವಸೂಲು ಮಾಡಲೇಬೇಕು. ಕುಂದಾಪುರ ಬಸ್ ನಿಲ್ದಾಣಕ್ಕೆ ನಮ್ಮ ಬಸ್ಸು ಮುಟ್ಟುವ ವೇಳೆ ನಿಗದಿಯಾಗಿದೆ. ಅದನ್ನು ಮೀರಿದರೆ ಹಿಂದಿನ ಬಸ್ಸಿನವರು ಜಗಳಕ್ಕೆ ನಿಲ್ಲುತ್ತಾರೆ, ಅವರಿಗೆ ಸಿಗಬೇಕಾದ ಪ್ರಯಾಣಿಕರನ್ನು ನಾವು ತುಂಬಿಸಿಕೊಂಡೆವು ಎಂದು. ಹಾಗಾಗಿ ನಾವುಂದದವರೆಗೆ ಎತ್ತಿನ ಗಾಡಿಯಂತೆ ಬಂದ ಬಸ್ಸು ತ್ರಾಸಿಯ ನಂತರ ಹಾರುತ್ತಿತ್ತು. ಹಾಗೆ ಹಾರುತ್ತಿದ್ದಾಗ ಒಮ್ಮೆ ದನ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನನ್ನ ಎದುರಿನ ಹಲ್ಲು ಮುಂದಿನ ಸೀಟಿನ ಕಂಬಿಗೆ ಬಡಿದು ತುದಿ ಮುರಿಯಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಾನು ನೋಡುತ್ತಿದ್ದರೆ ಕಂಡಕ್ಟರ್ ಕಿಟಕಿಯಿಂದ ಹಿಂದೆ ಇಣುಕಿ, "ದನಕ್ ಎಂತ ಆಯ್ಲಿಲ್ಲ, ದೇವ್ರ್ ದೊಡ್ಡವ" ಎಂದ.

ಆ ವರ್ಷ ಶಿರೂರಿನ ಒಬ್ಬ ಹುಡುಗಿ ನಮ್ಮ ಬಸ್ಸಿಗೆ ಹೊಸದಾಗಿ ಸೇರಿದಳು. ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಮುಗಿಸಿ ಬ್ರಹ್ಮಾವರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮೂರು ತಿಂಗಳು ಅವಳ ಕೆಲಸ ನೋಡುವುದು, ಸರಿ ಕಂಡರೆ ಕಾಯಂ ಮಾಡುವುದು ಎಂಬ ಮಾತಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಅಲ್ಲಿರಬೇಕು. ಸಕ್ಕರೆ ಕಾಯಿಲೆಯವರು ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದು ಕಾಯುತ್ತಿರುತ್ತಾರೆ. ಅವಳು ಹೋಗದೆ ಅವರು ಚಹಾ ಕೂಡ ಕುಡಿಯುವಂತಿಲ್ಲ.

ಡ್ರೈವರ್ ಸೀಟಿನ ಹಿಂದಿನ ಸೀಟು ಅವಳದು. ನಾನು ಬೈಂದೂರಿನಲ್ಲಿ ಹತ್ತುವಾಗ ಬ್ಯಾಗನ್ನು ಮಡಿಲಲ್ಲಿ ಒತ್ತಿ ಹಿಡಿದು ರಸ್ತೆ ನೋಡುತ್ತಾ ಕೂತಿರುತ್ತಿದ್ದಳು. ಪಕ್ಕದಲ್ಲಿ ಜಾಗ ಸಿಕ್ಕಿದ ಒಂದು ದಿನ ಕೇಳಿದೆ, ಇದಕ್ಕಿಂತ ಮುಂಚಿನ ಬಸ್ಸಿನಲ್ಲಿ ಹೋಗಬಹುದಲ್ಲ ಎಂದು.

"ಮುಂಚಿನ ಬಸ್ಸ್ ಕೊರೊನಾ ಟೈಮಂಗೆ ನಿಂತದ್ ಮತ್ತೆ ಶುರು ಆಯ್ಲೇ ಇಲ್ಲ. ಎಕ್ಸ್‌ಪ್ರೆಸ್ ನಮ್ ಸ್ಟಾಪಂಗೆ ನಿಲ್ತಿಲ್ಲ. ರೈಲ್ ಹೊತ್ತ್ ಸಮ ಬತ್ತಿಲ್ಲ" ಎಂದಳು. "ಕಾಯಂ ಆರೆ ಅಲ್ಲೇ ಯಾರ ಒಟ್ಟಿಗಾರೂ ರೂಮ್ ಮಾಡ್ತೆ. ಅಲ್ಲಿವರಿಗೆ ಇದೇ ಬಸ್ಸ್."

ಆಗಲೇ ಅವಳು ಒಂದೆರಡು ಸಲ ತಡವಾಗಿ ಹೋಗಿ ಮಾತು ಕೇಳಿದ್ದಳು. ಬಸ್ಸಿನಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಬಸ್ಸು ಅತಿ ಹೆಚ್ಚು ಕಾಯುತ್ತಿದ್ದುದು ಇಬ್ಬರಿಗೆ. ಒಬ್ಬರು ಕಿರಿಮಂಜೇಶ್ವರದಲ್ಲಿ ಹತ್ತಿ ಕೋಟದಲ್ಲಿ ಇಳಿಯುವ ಹೈಸ್ಕೂಲ್ ಟೀಚರ್. ಇನ್ನೊಬ್ಬರು ನಾವುಂದದಲ್ಲಿ ಹತ್ತುವ, ಕೋಟದ ಕಡೆ ಒಂದು ಕಾಲೇಜಿನ ಕ್ಯಾಂಟೀನ್ ನಡೆಸುವ ದಪ್ಪ ಮನುಷ್ಯ. ಮುಂಬೈಯ ಹೋಟೆಲುಗಳಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಎಲ್ಲರೂ ಅವರನ್ನು ಕ್ಯಾಂಟೀನ್ ಅಣ್ಣ ಎಂದೇ ಕರೆಯುವುದು. ಅವರು ಹತ್ತಿದ ಮೇಲೆ ಬಸ್ಸಿನಲ್ಲಿ ನಗು ಶುರುವಾಗುತ್ತದೆ. ಹತ್ತುವವರೆಗೆ ಬಸ್ಸು ಅವರ ಅಡ್ಡರಸ್ತೆಯ ಬಾಯಿಯಲ್ಲಿ ಗುರುಗುಟ್ಟುತ್ತಾ ನಿಂತಿರುತ್ತದೆ.

ಹುಡುಗಿಯ ಎರಡನೇ ತಿಂಗಳು ಮುಗಿಯುತ್ತಾ ಬಂದಿದ್ದಾಗ, ಒಂದು ಬೆಳಿಗ್ಗೆ ಬಸ್ಸು ಎಂದಿನಂತೆ ನಾವುಂದದಲ್ಲಿ ನಿಂತಿತು. ಕ್ಯಾಂಟೀನ್ ಅಣ್ಣ ಕಾಣಲಿಲ್ಲ. ಡ್ರೈವರ್ ಹಾರನ್ ಹಾಕಿದ. ಮತ್ತೆ ಹಾಕಿದ. ಕೊನೆಗೆ ಎಂಜಿನ್ ಬಂದ್ ಮಾಡಿದ.

"ಎಲ್ಲ್ ಹೋದ್ರ್ ಮಾರಾಯ್ರೇ ಇವ್ರ್?"

"ಮೀತಾ ಇದ್ರೇನೋ. ಆ ಮೈಗೆ ಎರಡ್ ಹಂಡಿ ನೀರ್ ಬೇಕ್" ಎಂದಳು ಹಿಂದಿನಿಂದ ಒಬ್ಬಳು ಹೆಂಗಸು. ಬಸ್ಸು ನಕ್ಕಿತು.

ಹುಡುಗಿ ಮುಂದಕ್ಕೆ ಬಾಗಿ, "ಹೋಪನಾ ಅಣ್ಣ? ನಂಗ್ ತಡ ಆತ್ತ್" ಎಂದಳು.

"ಒಂದ್ ಗಳ್ಗಿ ತಡಿ ಹೆಣ್ಣೇ. ಬಿಟ್ಟ್ ಹೋರೆ ಆ ಮನ್ಷ ಒಂದ್ ವಾರ ನನ್ ಹತ್ರ ಮಾತಾಡುದಿಲ್ಲ."

ಕಂಡಕ್ಟರ್ ಇಳಿದು ಅಡ್ಡರಸ್ತೆಯಲ್ಲಿ "ಹ್ವಾಯ್! ಹ್ವಾಯ್!" ಎಂದು ಕೂಗುತ್ತಾ ಅವರ ಮನೆಯ ಕಡೆ ಓಡಿದ. ಟೀಚರ್ ಬಳಿ ಕ್ಯಾಂಟೀನ್ ಅಣ್ಣನ ನಂಬರ್ ಇತ್ತು. ಶಾಲೆಯ ಕಾರ್ಯಕ್ರಮಕ್ಕೆ ಇಡ್ಲಿ ಹೇಳುವುದು ಅವರಿಗೇ. "ತಡಿನಿ, ನಾ ಫೋನ್ ಮಾಡ್ತೆ" ಎಂದು ಚೀಲದಿಂದ ಫೋನ್ ತೆಗೆದರು.

ಫೋನು ಬಸ್ಸಿನ ಹಿಂದಿನ ಸೀಟಿನಲ್ಲಿ ರಿಂಗಾಯಿತು.

ಎಲ್ಲರೂ ತಿರುಗಿ ನೋಡಿದೆವು. ಕೊನೆಯ ಸೀಟಿನ ಮೂಲೆಯಲ್ಲಿ ಯಾರೋ ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಹೊದ್ದು ಮಲಗಿದ್ದರು. ಬೈರಾಸಿನ ಒಳಗಿಂದ ಒಂದು ಕೈ ಹೊರಗೆ ಬಂದು ಜೇಬು ತಡಕಿತು.

"ಹಾಂ ಟೀಚರೇ, ಹೇಳಿ."

"ಎಲ್ಲಿದ್ರಿ ನೀವು?" ಟೀಚರ್ ಇನ್ನೂ ಫೋನಿನಲ್ಲೇ ಕೇಳಿದರು.

"ನಾ ಬಸ್ಸಂಗೆ ಇದ್ದೆ."

"ಬಸ್ಸ್ ನಿಮ್ಮನಿ ಎದ್ರ್ ನಿಂತಿತ್ತ್!"

"ನಮ್ಮನಿ ಎದ್ರಾ? ಎಂತಕೆ?"

ಬಸ್ಸಿಗೆ ಬಸ್ಸೇ ನಗೆಯಲ್ಲಿ ಮುಳುಗಿತು. ಅಷ್ಟರಲ್ಲಿ ಕಂಡಕ್ಟರ್ ಏದುಸಿರು ಬಿಡುತ್ತಾ ವಾಪಸ್ ಬಂದು, "ಮನೆಂಗಿಲ್ಲ ಅಂಬ್ರ್! ನಿನ್ನೆಯೇ ಉಪ್ಪುಂದ ಅಕ್ಕನ ಮನಿಗ್ ಹೋಯಿರಂಬ್ರ್!" ಎಂದು ವರದಿ ಒಪ್ಪಿಸಿದ. ಕ್ಯಾಂಟೀನ್ ಅಣ್ಣ ಅಕ್ಕನ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ಉಪ್ಪುಂದದಲ್ಲೇ ಕಾಲೇಜು ಮಕ್ಕಳ ಗುಂಪಿನ ಜೊತೆ ಹಿಂದಿನ ಬಾಗಿಲಿನಿಂದ ಹತ್ತಿ ನಿದ್ದೆ ಹೋಗಿದ್ದರು. ಗಲಾಟೆಯಲ್ಲಿ ಕಂಡಕ್ಟರ್ ಟಿಕೆಟಿಗೆ ಅಲ್ಲಿವರೆಗೆ ಹೋಗಿರಲಿಲ್ಲ. ಬಸ್ಸು ತನ್ನೊಳಗೇ ಇದ್ದ ಮನುಷ್ಯನಿಗಾಗಿ ಅವನ ಮನೆಯ ಎದುರು ಕಾದಿತ್ತು.

ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಅವಳು ರಸ್ತೆ ನೋಡುತ್ತಿದ್ದಳು.

ಆ ದಿನ ಕುಂದಾಪುರದಲ್ಲಿ ಹಿಂದಿನ ಬಸ್ಸಿನವರ ಜೊತೆ ಜಗಳವೂ ಆಯಿತು, ಅದರಲ್ಲಿ ಇನ್ನಷ್ಟು ಹೊತ್ತು ಹೋಯಿತು. ಬ್ರಹ್ಮಾವರದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹುಡುಗಿ ಫುಟ್‌ಬೋರ್ಡಿನಿಂದ ಹಾರಿದಳು, ಮುಗ್ಗರಿಸಿ ಸಾವರಿಸಿಕೊಂಡು ಓಡಿದಳು. ಅವಳ ಲ್ಯಾಬು ಸರ್ವಿಸ್ ರಸ್ತೆಯಲ್ಲೇ ಇದೆ, ಬಸ್ಸಿನಿಂದ ಕಾಣುತ್ತದೆ. ಮೆಟ್ಟಿಲ ಮೇಲೆ ಜನ ಕೂತಿದ್ದರು. ಒಬ್ಬ ಮುದುಕ ಹಣೆಗೆ ಕೈ ಕೊಟ್ಟು ಕಂಬಕ್ಕೆ ಒರಗಿದ್ದ. ಅವನ ಪಕ್ಕದಲ್ಲಿದ್ದ ಹೆಂಗಸು ಪತ್ರಿಕೆಯಿಂದ ಗಾಳಿ ಹಾಕುತ್ತಿದ್ದಳು.

ಮರುದಿನ ಹುಡುಗಿ ಎಲ್ಲರೂ ಹತ್ತುವವರೆಗೆ ಸುಮ್ಮನಿದ್ದಳು. ಕ್ಯಾಂಟೀನ್ ಅಣ್ಣ ಆ ದಿನವೂ ಕಾಯಿಸಿಯೇ ಹತ್ತಿದರು. ಬಸ್ಸು ನಾವುಂದ ಬಿಟ್ಟ ಮೇಲೆ ಅವಳು ಎದ್ದು, ಕಂಬಿ ಹಿಡಿದು, ನಮ್ಮ ಕಡೆ ಮುಖ ಮಾಡಿ ನಿಂತಳು.

"ನಂಗ್ ಒಂದ್ ಮಾತ್ ಹೇಳುಕಿತ್ತ್. ಇನ್ನೊಂದ್ ಸಲ ತಡ ಆರೆ ಕೆಲ್ಸಕ್ಕೆ ಬಪ್ಪುದ್ ಬ್ಯಾಡ ಅಂದೇಳಿ ನಿನ್ನೆ ಲ್ಯಾಬಂಗೆ ಹೇಳ್ರ್. ಕಾಯಂ ಆಪುಕೆ ಇನ್ನೊಂದ್ ತಿಂಗ್ಳ್ ಇತ್ತ್. ಬಸ್ಸ್ ಇನ್ನ್ ಯಾರಿಗೂ ಕಾಯುದ್ ಬ್ಯಾಡ. ನಂಗೂ ಬ್ಯಾಡ."

ಮೊದಲು ಬಾಯಿ ಬಿಟ್ಟವರು ಕ್ಯಾಂಟೀನ್ ಅಣ್ಣ. "ಅಯ್ಯೋ ಮಗಾ, ಹೇಳುಕಾಗ್ದಾ? ನಾ ಇವತ್ತೇ ಬಂದ್ ನಿನ್ ಸಾಹೇಬ್ರಿಗೆ ಹೇಳ್ತೆ, ಸಬ್ ಗಲ್ತಿ ನಂದ್ ಅಂದೇಳಿ."

"ನೀವ್ ಬಂದ್ ಹೇಳುದ್ರೊಳ್ಗ್ ಮತ್ತೊಂದ್ ಸಲ ತಡ ಆತ್ತ್. ಬ್ಯಾಡ."

ಒಂದಷ್ಟು ಜನ ನಕ್ಕರು. ಟೀಚರ್ ನಗಲಿಲ್ಲ. ಅವರ ಅತ್ತೆ ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಅತ್ತೆಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿಯೇ ಅವರು ಮನೆ ಬಿಡುವುದು. ಅದು ಬಸ್ಸಿಗೆಲ್ಲ ಗೊತ್ತು.

"ನಾ ಎಂತ ಕನ್ನಡಿ ಎದ್ರ್ ನಿಂತ್ಕಂಡ್ ತಡ ಮಾಡುದಾ?" ಎಂದರು. "ಹಾಸ್ಗಿ ಹಿಡ್ದ ಜೀವ ಒಂದ್ ಇತ್ತ್ ಮನೆಂಗೆ. ನೀ ಮೊನ್ನೆ ಬಂದವ್ಳ್. ಈ ಬಸ್ಸಂಗೆ ಹೀಂಗೆ ನಡ್ಕಂಡ್ ಬಂದದ್."

"ಅದ್ ಗೊತ್ತಿತ್ತ್ ಟೀಚರೇ. ಆರೆ ನನ್ ಕೆಲ್ಸ ಹೋರೆ ನಿಮ್ಮತ್ತಿ ಹೊಟ್ಟಿ ತುಂಬುದಿಲ್ಲ ಅಲ್ದಾ? ಅಲ್ಲೂ ಹಸ್ಕಂಡ್ ಕೂತವ್ರ್ ಇದ್ರ್. ನಿನ್ನೆ ಒಬ್ಬ ಅಜ್ಜ ತಲಿ ತಿರ್ಗಿ ಬಿದ್ದ."

"ಓಹೋ, ಬಾಯಿ ಕಾಣಿ!" ಎಂದಳು ಹಿಂದಿನ ಹೆಂಗಸು. ಬಯ್ದದ್ದೋ ಮೆಚ್ಚಿದ್ದೋ ತಿಳಿಯಲಿಲ್ಲ.

ಮಾತು ಬೆಳೆಯಿತು. ಮನುಷ್ಯತ್ವ ಬೇಡವೇ ಎಂದರು ಒಬ್ಬರು. ಮನುಷ್ಯತ್ವ ಮಾಡಿ ಆಮೇಲೆ ತೊಂಬತ್ತರಲ್ಲಿ ಓಡಿಸಿ ನಮ್ಮನ್ನು ಕೊಲ್ಲುವುದೇ ಎಂದರು ಇನ್ನೊಬ್ಬರು. ನನ್ನ ಹಲ್ಲಿನ ಪ್ರಸ್ತಾಪವೂ ಬಂತು. ಹಲ್ಲು ತೋರಿಸಿ ಎಂದರು, ತೋರಿಸಿದೆ. ಹುಡುಗಿ ಕೂರಲಿಲ್ಲ. ಧ್ವನಿ ಏರಿಸಲೂ ಇಲ್ಲ. ಕೇಳಿದವರಿಗೆಲ್ಲ ಅದೇ ಉತ್ತರ: ಒಂದು ತಿಂಗಳು, ಯಾರಿಗೂ ಇಲ್ಲ, ನನಗೂ ಇಲ್ಲ. ಕೊನೆಗೆ ಅಲ್ಲಿವರೆಗೆ ಕನ್ನಡಿಯಲ್ಲಿ ಎಲ್ಲರನ್ನೂ ನೋಡುತ್ತಾ ಬಂದಿದ್ದ ಡ್ರೈವರ್ ಮಾತಾಡಿದ.

"ಒಂದ್ ತಿಂಗ್ಳ್ ಅಲ್ದಾ? ಆಯ್ತ್. ಎರಡ್ ಹಾರನ್ ಹಾಕ್ತೆ. ಬಂದ್ರೆ ಬಂದ್ರ್. ಇಲ್ದಿದ್ರೆ ಹೋಪುದೇ. ಮತ್ತೆ ನನ್ನ ಬಯ್ಯುಕಿಲ್ಲ, ಈ ಹೆಣ್ಣನ್ನೂ ಬಯ್ಯುಕಿಲ್ಲ."

ಅದು ಮಾತಿನಲ್ಲಿ ಉಳಿಯುತ್ತದೆ, ಬಸ್ಸು ಕಾದೇ ಕಾಯುತ್ತದೆ ಎಂದು ನಾನು ಅಂದುಕೊಂಡಿದ್ದೆ. ಮರುದಿನವೇ ಬ್ಯಾಂಕಿನ ಅಕ್ಕ ಉಳಿದರು. ಚಪ್ಪಲಿ ಕೈಯಲ್ಲಿ ಹಿಡಿದು ಅಡ್ಡರಸ್ತೆಯ ತಿರುವಿನಲ್ಲಿ ಅವರು ಕಾಣಿಸಿಕೊಂಡಾಗ ಎರಡನೇ ಹಾರನ್ ಆಗಿತ್ತು. ಬಸ್ಸು ಹೊರಟಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಆ ವಾರದಲ್ಲೇ ನಾನೂ ಬೈಂದೂರಿನಲ್ಲಿ ಉಳಿದೆ. ಚಹಾದ ಲೋಟ ಕೈಯಲ್ಲಿತ್ತು, ಬಸ್ಸು ಕಣ್ಣೆದುರೇ ಹೋಯಿತು. ಹಿಂದಿನ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಕಚೇರಿಯಲ್ಲಿ ಮಾತು ಕೇಳಿದೆ. ಹುಡುಗಿಯ ಮೇಲೆ ಒಂದು ಕ್ಷಣ ಕೋಪ ಬಂದದ್ದು ನಿಜ. ಚಹಾ ಅವಳು ಕೊಡಿಸಿದ್ದಲ್ಲ ಎಂದು ನೆನಪಾದ ಮೇಲೆ ಇಳಿಯಿತು.

ಟೀಚರ್ ಎರಡು ಸಲ ಉಳಿದರು. ಆ ಮೇಲೆ ಬಸ್ಸಿನಲ್ಲಿ ಹುಡುಗಿಯ ಕಡೆ ನೋಡುವುದನ್ನೇ ಬಿಟ್ಟರು. ಅವಳ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದರು. ಬಳಿಕ ಒಂದು ದಿನ ಬಸ್ಸು ಬರುವ ಮೊದಲೇ ಅವರು ಅಡ್ಡರಸ್ತೆಯ ಬಾಯಿಯಲ್ಲಿ ನಿಂತಿದ್ದರು. ಮರುದಿನವೂ ನಿಂತಿದ್ದರು. ಕಂಡಕ್ಟರ್ ತಡೆಯಲಾರದೆ ಕೇಳಿದ, "ಅತ್ತಿಗೆ ಗಂಜಿ ಯಾರ್ ಕುಡ್ಸುದ್ ಈಗ?"

"ಅವ್ರ ಮಗ" ಎಂದರು ಟೀಚರ್. "ಎರಡ್ ಸಲ ನನ್ನನ್ನ್ ಬೈಕಂಗೆ ಕೋಟದವರಿಗೆ ಬಿಟ್ಟ್ ಬಂದ್ರಲ್ದಾ, ಬುದ್ಧಿ ಬಂತ್. ಗಂಜಿ ಕುಡ್ಸುದೇ ಸುಲಭ ಅಂಬ್ರ್." ಟಿಕೆಟ್ ತೆಗೆದುಕೊಳ್ಳುತ್ತಾ ಸೇರಿಸಿದರು, "ಮಗ ಕುಡ್ಸಿರೆ ಎರಡ್ ಚಮಚ ಹೆಚ್ಚೇ ಕುಡಿತ್ರಂಬ್ರ್. ಇಷ್ಟ್ ವರ್ಷ ನಾ ಒಬ್ಳೇ ಒದ್ದಾಡದ್."

ಹೀಗೆ ಒಂದೊಂದೇ ಅಡ್ಡರಸ್ತೆ ಬಸ್ಸಿಗಿಂತ ಮುಂಚೆ ಏಳುವುದನ್ನು ಕಲಿಯಿತು. ತ್ರಾಸಿಯ ನಂತರ ಹಾರುವುದು ನಿಂತಿತು. ಕುಂದಾಪುರದಲ್ಲಿ ಜಗಳ ಇಲ್ಲದ್ದರಿಂದ ಕಂಡಕ್ಟರ್ ಚಹಾ ಕುಡಿಯತೊಡಗಿದ. ಕ್ಯಾಂಟೀನ್ ಅಣ್ಣ ಮಾತ್ರ ಕಲಿಯಲಿಲ್ಲ. ವಾರಕ್ಕೊಮ್ಮೆಯಾದರೂ ಉಳಿಯುತ್ತಿದ್ದರು. ಮರುದಿನ ಹತ್ತುವಾಗ ಹುಡುಗಿಗೆ ಸಲಾಮು ಹೊಡೆದು, "ಮೇಡಂ, ಇವತ್ತ್ ನಾ ಪಾಸಾ?" ಎನ್ನುತ್ತಿದ್ದರು. ಅವಳು "ಪಾಸ್" ಎನ್ನುತ್ತಿದ್ದಳು, ನಗದೆ.

ಅವಳ ಮೂರು ತಿಂಗಳಿನ ಕೊನೆಯ ದಿನ ಎಡೆಬಿಡದ ಮಳೆ. ಬೈಂದೂರಿಗಿಂತ ಮೊದಲು ಸಿಗುವ ಒತ್ತಿನೆಣೆಯಲ್ಲಿ ಗುಡ್ಡದ ಕೆಸರು ರಸ್ತೆಗೆ ಹರಿದು ವಾಹನಗಳು ಒಂದೇ ಸಾಲಿನಲ್ಲಿ ತೆವಳುತ್ತಿದ್ದವು. ಬೈಂದೂರಿಗೆ ಬರುವಾಗಲೇ ಬಸ್ಸು ತಡವಾಗಿತ್ತು. ನಾನು ಹತ್ತಿದಾಗ ಹುಡುಗಿ ನನ್ನನ್ನು ಗಮನಿಸಲಿಲ್ಲ. ಎರಡೂ ಕೈಯಲ್ಲಿ ಬ್ಯಾಗಿನ ಪಟ್ಟಿಯನ್ನು ತಿರುಚುತ್ತಿದ್ದಳು. ನಾವುಂದ ಮುಟ್ಟಿದಾಗ ಕ್ಯಾಂಟೀನ್ ಅಣ್ಣ ರಸ್ತೆಯ ನಡುವೆ, ಡಿವೈಡರಿನ ಸಂದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಆ ದಿನ ಅವರು ಹೊತ್ತಿಗೆ ಸರಿಯಾಗಿಯೇ ಬಂದಿದ್ದರು. ಯಾವ ಕೆಲಸಕ್ಕೆ ಆಚೆ ಹೋಗಿದ್ದರೋ, ವಾಪಸ್ ದಾಟಲು ಲಾರಿಗಳು ಬಿಡುತ್ತಿರಲಿಲ್ಲ. ಒಂದರ ಹಿಂದೆ ಒಂದು, ನೀರು ಚಿಮ್ಮಿಸುತ್ತಾ. ಅವರು ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಸರಿದರು.

ಡ್ರೈವರ್ ಎರಡು ಹಾರನ್ ಹಾಕಿದ. ಕೈ ಗೇರಿನ ಮೇಲೆ ಇತ್ತು, ಗೇರು ಹಾಕಲಿಲ್ಲ. ಕನ್ನಡಿಯಲ್ಲಿ ಹುಡುಗಿಯನ್ನು ನೋಡಿದ. ಕಂಡಕ್ಟರ್ ಸೀಟಿಯನ್ನು ಬಾಯಿಗೆ ಇಟ್ಟು ಅವಳನ್ನು ನೋಡಿದ. ಟೀಚರೂ ನೋಡಿದರು. ಇದು ಕ್ಯಾಂಟೀನ್ ಅಣ್ಣನ ತಪ್ಪಲ್ಲ, ರಸ್ತೆಯದ್ದು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅವಳಿಗೂ.

ಹುಡುಗಿ ಕಿಟಕಿಯ ಶಟರ್ ಎತ್ತಿ ಆಚೆ ನೋಡಿದಳು. ಮಳೆ ಅವಳ ಮುಖಕ್ಕೆ ಹೊಡೆಯಿತು. ಡಿವೈಡರಿನ ಮೇಲೆ ನಿಂತವರು ಕೊಡೆಯನ್ನು ಎತ್ತಿ ಮುಂದಕ್ಕೆ ಬೀಸಿದರು, ಹೋಗಿ, ಹೋಗಿ ಎಂಬಂತೆ. ಅವಳು ಶಟರ್ ಇಳಿಸಿದಳು.

"ಹೋಪ" ಎಂದಳು.

ಕುಂದಾಪುರದಲ್ಲಿ ಕಂಡಕ್ಟರ್ ಚಹಾಕ್ಕೆ ಇಳಿಯಲಿಲ್ಲ, ಆ ಹೊತ್ತು ಉಳಿಯಿತು. ಡ್ರೈವರ್ ಹಾರಿಸಲೂ ಇಲ್ಲ. ಮಳೆಯಲ್ಲಿ ಎಷ್ಟು ಓಡಿಸಬಹುದೋ ಅಷ್ಟೇ ಓಡಿಸಿದ. ಬ್ರಹ್ಮಾವರದಲ್ಲಿ ಬಸ್ಸು ಪೂರ್ತಿ ನಿಂತ ಮೇಲೆ ಹುಡುಗಿ ಇಳಿದು ನಡೆದೇ ಹೋದಳು. ಲ್ಯಾಬಿನ ಬಾಗಿಲು ಇನ್ನೂ ಮುಚ್ಚಿತ್ತು. ಮೆಟ್ಟಿಲ ಮೇಲೆ ಮೊದಲು ನಿಂತವಳು ಅವಳೇ.

ಮರುದಿನ ಬೈಂದೂರಿನಲ್ಲಿ ಹತ್ತುವಾಗ ನಾನು ಕೇಳಬೇಕಾಗಿ ಬರಲಿಲ್ಲ. "ಕಾಯಂ ಆಯ್ತಂಬ್ರ್!" ಎಂದು ಕಂಡಕ್ಟರೇ ಫುಟ್‌ಬೋರ್ಡಿನಿಂದ ಕೂಗಿದ. ಉಪ್ಪುಂದದಲ್ಲೂ ಕೂಗಿದ, ಕಿರಿಮಂಜೇಶ್ವರದಲ್ಲೂ ಕೂಗಿದ. ಟೀಚರ್ ಹತ್ತಿದವರು ಹುಡುಗಿಯ ಪಕ್ಕದ ಸೀಟಿನಲ್ಲಿ ಕೂತು, "ಬ್ರಹ್ಮಾವರದಂಗೆ ರೂಮ್ ಮಾಡ್ತೆ ಅಂದಿದ್ಯಂಬ್ರ್, ನೀರ್ ಸಮ ಇತ್ತಾ ಕಂಡ್ಕೋ ಮೊದ್ಲ್" ಎಂದರು. ಅವರು ಅವಳಿಗೆ ಹೇಳಿದ ಮೊದಲ ಮಾತು ಅದು, ಆ ಜಗಳದ ನಂತರ.

ನಾವುಂದದಲ್ಲಿ ಕ್ಯಾಂಟೀನ್ ಅಣ್ಣ ಇರಲಿಲ್ಲ. ಡ್ರೈವರ್ ಎರಡು ಹಾರನ್ ಹಾಕಿ, ಗೇರಿನ ಮೇಲಿನ ಕೈ ತೆಗೆದು ಹಿಂದೆ ತಿರುಗಿದ.

"ತಿಂಗ್ಳ್ ಮುಗೀತಲ್ದಾ. ಇನ್ನ್ ಕಾಯ್ಲಕ್ಕಾ ಹೆಣ್ಣೇ?"

"ನನ್ನನ್ನ್ ಎಂತಕೆ ಕೇಂಬುದ್? ಒಂದ್ ದಿನ ತಡ ಆರೆ ಇನ್ನ್ ನನ್ ಕೆಲ್ಸ ಹೋತಿಲ್ಲ. ಬಾಕಿಯವ್ರನ್ನ್ ಕೇಣಿ."

ಡ್ರೈವರ್ ಬಾಕಿಯವರನ್ನು ನೋಡಿದ. ಬ್ಯಾಂಕಿನ ಅಕ್ಕ ಗಡಿಯಾರ ನೋಡಿದರು. ನಾನು ಫೋನು ನೋಡಿದೆ.

"ಹೋಪ ಮಾರಾಯ್ರೇ" ಎಂದರು ಟೀಚರ್. "ನಂಗ್ ಫಸ್ಟ್ ಪೀರಿಯಡ್ ಇತ್ತ್."

ಕಂಡಕ್ಟರ್ ಸೀಟಿ ಊದಿದ.